ಬಟರ್ ಪೇಪರಿನ ಮೇಲೆ ಬೀದಿ

ಹುಬ್ಬಳ್ಳಿಯ ದಸ್ತಗೀರ್ ಸಾಬರ ಕ್ಯಾಮೆರಾ ರಿಪೇರಿ ಅಂಗಡಿಗೆ ಇಂದುಮತಿ ಎಂಬ ಹುಡುಗಿ ತನ್ನ ಮೊದಲ ಫಿಲ್ಮ್ ರೀಲಿನ ಕ್ಯಾಮೆರಾ ಆರಿಸಲು ಬಂದಳು. ಮೇಜಿನ ಮೇಲೆ ಎರಡು ಕ್ಯಾಮೆರಾಗಳಿದ್ದವು.

"ಬೆಳಕು ಅಳೆಯುವುದು ನಾನು, ದೂರ ಗುರುತಿಸುವುದು ನಾನು, ರೀಲು ಸುತ್ತುವುದೂ ನಾನೇ. ಅವಳು ಬರೀ ಗುಂಡಿ ಒತ್ತಿದರೆ ಸಾಕು," ಎಂದಿತು ಮೋಟಾರಿನ ಕ್ಯಾಮೆರಾ. "ನಿನಗೇನು ಬರುತ್ತದೆ?"

"ನನಗೆ ತಾನಾಗಿ ಏನೂ ಬರುವುದಿಲ್ಲ," ಎಂದಿತು ಗೀರುಬಿದ್ದ ಹಳೆಯ ಕ್ಯಾಮೆರಾ. "ಎಲ್ಲವನ್ನೂ ಅವಳೇ ಹೇಳಬೇಕು. ಹೇಳಿದಷ್ಟು ಹೊತ್ತು ಕಣ್ಣು ತೆರೆದಿರುತ್ತೇನೆ."

ಇಂದುಮತಿ ಮೊದಲು ಮೋಟಾರಿನದನ್ನೇ ಎತ್ತಿ ಒತ್ತಿದಳು. ಟಪ್ಪೆಂದು ಸದ್ದಾಯಿತು. ಫೋನಿನ ಅಭ್ಯಾಸಕ್ಕೆ ಅದರ ಬೆನ್ನು ತನ್ನತ್ತ ತಿರುಗಿಸಿ ಚಿತ್ರ ಹುಡುಕಿದಳು. ಅಲ್ಲಿ ಕಪ್ಪು ಮುಚ್ಚಳವಷ್ಟೇ ಇತ್ತು.

ಸಾಬರು ನಕ್ಕರು. ಹಳೆಯದರ ಬೆನ್ನು ತೆರೆದು, ರೀಲು ಕೂರುವ ಜಾಗಕ್ಕೆ ಬಟರ್ ಪೇಪರಿನ ಚೂರು ಅಂಟಿಸಿ, ಅಂಗಡಿಯ ಕತ್ತಲಿನಿಂದ ಬಿಸಿಲ ಬೀದಿಯ ಕಡೆ ಹಿಡಿದರು.

"ಗುಂಡಿ ಒತ್ತವ್ವಾ. ಬೆರಳು ತೆಗೀಬ್ಯಾಡ, ತೆಗೆದ್ರ ಇದರ ಕಣ್ಣು ಮುಚ್ಚತೈತಿ."

ಕಾಗದದ ಮೇಲೆ ಇಡೀ ಬೀದಿ ಬಣ್ಣಬಣ್ಣವಾಗಿ ಮೂಡಿತು. ಬೇವಿನ ಮರ ತಲೆಕೆಳಗಾಗಿ ತೂಗುತ್ತಿತ್ತು. ಪೇರಲಹಣ್ಣಿನ ಬುಟ್ಟಿ ಹೊತ್ತವಳೊಬ್ಬಳು ನೆತ್ತಿ ಕೆಳಗಾಗಿಯೇ ನಡೆದುಹೋದಳು; ಒಂದು ಹಣ್ಣೂ ಬೀಳಲಿಲ್ಲ. ಇಂದುಮತಿ ಕಾಗದದತ್ತ ಇನ್ನಷ್ಟು ಬಾಗಿದಳು.

ಮೋಟಾರಿನ ಕ್ಯಾಮೆರಾದ ಸೊಕ್ಕೆಲ್ಲ ಇಳಿದುಹೋಯಿತು. "ಇಷ್ಟು ವರ್ಷ ನನ್ನೊಳಗೂ ಇದೇ ನಡೆಯುತ್ತಿತ್ತೇ?"

"ನಡೆಯುತ್ತಿತ್ತು," ಎಂದಿತು ಹಳೆಯದು. "ನಿನಗೆ ನೋಡಲು ಪುರುಸೊತ್ತಿರಲಿಲ್ಲ."

"ನನಗ ಇದನ್ನ ಕೊಡ್ರಿ, ಕಾಕಾ," ಎಂದಳು ಇಂದುಮತಿ. ಬೆರಳು ಮಾತ್ರ ತೆಗೆಯಲಿಲ್ಲ.