ಮೂರು ಬಚ್ಚಲು, ಒಂದೇ ಗಾಳಿಚಕ್ರ

“ಹೊನ್ನಗುಡ್ಡದ ಪ್ರಜೆಗಳೆಲ್ಲ ಕೇಳಿ. ಕಿರಿಯ ರಾಜಕುಮಾರಿ ಮಾಳಲದೇವಿಯವರು ಮೂರು ಒಗಟು ಹೇಳುತ್ತಾರೆ. ಮೂರನ್ನೂ ಬಿಡಿಸಿದವನು ರಾಜಕುಮಾರಿಯ ಕೈಯನ್ನೇ ಕೇಳಲಿ, ಬೇರೇನನ್ನೇ ಕೇಳಲಿ, ರಾಜರು ಕೊಡುತ್ತಾರೆ. ಒಂದು ತಪ್ಪಿದರೂ ಹಿರಿಯ ರಾಜಕುಮಾರಿಯವರ ವರ್ಷದ ತಿಥಿಯ ಮಾರನೆಯ ದಿನ ಅವನ ತಲೆ ಹೋಗುತ್ತದೆ.”

ಅದೇ ದಿನ ಇನ್ನೊಂದು ತಲೆಯೂ ಹೋಗುವುದಿತ್ತು. ಅದು ಮುದುಕ ಬೈರನದು. ಅರಮನೆಯಲ್ಲಿ ಸಾಲಾಗಿ ಮೂರು ಬಚ್ಚಲುಮನೆಗಳಿದ್ದವು. ಮೂರರ ಹೊಗೆ, ಹಬೆಯನ್ನು ಕೊಳವೆಗಳ ಮೂಲಕ ಎಳೆದು ಹೊರಹಾಕಲು ಮಾಳಿಗೆಯಲ್ಲಿ ಇದ್ದದ್ದು ಒಂದೇ ಗಾಳಿಚಕ್ರ. ಅದನ್ನು ತಿರುಗಿಸುವವನು ಬೈರ. ಹೆರಿಗೆಗೆಂದು ತವರಿಗೆ ಬಂದಿದ್ದ ಹಿರಿಯ ರಾಜಕುಮಾರಿ ಚಂದಲೆ, ಬಾಣಂತಿಸ್ನಾನಕ್ಕೆ ಕೂತವಳು, ಕೆಂಡದ ಹೊಗೆಯಲ್ಲಿ ಉಸಿರುಕಟ್ಟಿ ಸತ್ತಳು. ಚಕ್ರದವನು ತೂಕಡಿಸಿದ ಎಂದರು. “ಇದಕ್ಕೆ ಕಾರಣವಾದ ತಲೆಯನ್ನು ಉಳಿಸೆನು” ಎಂದು ರಾಜ ಹೆಣದ ಮುಂದೆ ಆಣೆಯಿಟ್ಟ. ಬೈರನನ್ನು ಸೆರೆಗೆ ಹಾಕಿದರು.

ಡಂಗುರ ಕೇಳಿ ಬಂದ ರಾಜಕುಮಾರರಿಗೇನೂ ಬರವಿರಲಿಲ್ಲ. ಇಂಥ ಗಂಡಸರಿಗೆ ತಲೆ ಹೋಗುವ ಭಯಕ್ಕಿಂತ ತಲೆ ಇದೆಯೆಂಬ ಜಂಬ ದೊಡ್ಡದು. ಮಾಳಲದೇವಿ ಬಿಳಿ ಸೀರೆಯುಟ್ಟು ಕೂತು, ನೆಲ ನೋಡುತ್ತ ಕೇಳುತ್ತಿದ್ದಳು.

“ಮೂವರು ಅಕ್ಕತಂಗಿಯರಿಗೆ ಒಂದೇ ಮೂಗು. ಮೂಗು ಉಸಿರೆಳೆದರೆ ಹತ್ತಿರದವಳಿಗೆ ಸಾಕಾಗಿ ಮಿಗುತ್ತದೆ, ದೂರದವಳಿಗೆ ಸಾಲದು. ಯಾರವರು?”

“ಒಬ್ಬ ರಾಜನ ಮೂವರು ರಾಣಿಯರು” ಎಂದ ಒಬ್ಬ. ಸಭೆಯೆಲ್ಲ ಮುಸಿಮುಸಿ ನಕ್ಕಿತು. ಅವನನ್ನು ಸೆರೆಗೆ ಕರೆದೊಯ್ದಾಗ ಯಾರೂ ನಗಲಿಲ್ಲ. “ಮೂರು ನದಿಗಳು” ಎಂದವನೂ ಅವನ ಹಿಂದೆಯೇ ಹೋದ. ದಿನದಿನವೂ ಸೆರೆಮನೆ ತುಂಬುತ್ತ ಬಂತು. ಉತ್ತರ ತಪ್ಪಿದಾಗಲೆಲ್ಲ ರಾಜಕುಮಾರಿಯ ಮುಖ ಇನ್ನಷ್ಟು ಬಾಡುತ್ತಿತ್ತು.

ತಿಥಿಯ ಹಿಂದಿನ ದಿನ ಬೈರನ ಮಗ ಕೆಂಚ ಬಂದ. ಅಪ್ಪ ಸೆರೆಯಾದ ಮೇಲೆ ಆ ಚಕ್ರಕ್ಕೆ ಅವನೇ ನಿಂತಿದ್ದ. ಹೆಗಲ ಮೇಲಿನ ವಲ್ಲಿಯನ್ನು ಸೊಂಟಕ್ಕೆ ಸುತ್ತಿ ಕೈಮುಗಿದ. ಮೊದಲನೆಯ ಒಗಟು ಕೇಳುತ್ತಲೇ ಹೇಳಿದ.

“ನಮ್ಮ ಬಚ್ಚಲುಮನೆಗಳೇ ತಾಯಿ. ಚಕ್ರ ಒಂದೇ. ಹತ್ತಿರದ ಬಚ್ಚಲಿಂದ ಜಾಸ್ತಿ ಎಳೀತೈತೆ. ಅದಕ್ಕೇ ಕಟ್ಟಿದೋರು ಹತ್ತಿರದ ಕೊಳವೆ ಬಾಯಿ ಕಿರಿದು ಮಾಡಿ, ದೂರದ್ದು ಅಗಲ ಬಿಟ್ಟವ್ರೆ.”

ರಾಜಕುಮಾರಿ ಮೊದಲ ಬಾರಿಗೆ ತಲೆಯೆತ್ತಿದಳು.

“ಹೋಗುವವನಿಗೆ ತೆರೆಯುವ ಬಾಗಿಲು, ತಿರುಗಿ ಬರುವವನಿಗೆ ಮುಚ್ಚಿಕೊಳ್ಳುತ್ತದೆ. ಚಿಲಕವಿಲ್ಲ, ಕಾವಲಿಲ್ಲ. ಯಾವುದು?”

“ಅದು ಸಾವಿನ ಬಾಗಿಲು” ಎಂದು ಮುದಿಮಂತ್ರಿ ತನ್ನಷ್ಟಕ್ಕೆ ಗೊಣಗಿದ. ಕೆಂಚ ಅಲ್ಲವೆಂದು ತಲೆಯಾಡಿಸಿದ.

“ಕೊಳವೆ ಒಳಗೆ ತೂಗುಹಾಕಿರೋ ತೊಗಲಿನ ತುಂಡು. ಹೊಗೆ ಹೋಗೋವಾಗ ಎದ್ದೇಳ್ತೈತೆ, ಹಿಂದಕ್ಕೆ ಬಂದ್ರೆ ಬಿದ್ದು ಮುಚ್ಕೊಂತೈತೆ. ಅದಿಲ್ದಿದ್ರೆ ಒಂದು ಬಚ್ಚಲ ಹೊಗೆ ಇನ್ನೊಂದಕ್ಕೆ ನುಗ್ತೈತೆ.”

ಮೂರನೆಯದನ್ನು ಅವಳು ಕೆಂಚನ ಮುಖ ನೋಡಿಯೇ ಕೇಳಿದಳು.

“ಮನೆ ತುಂಬ ಹೊಗೆ. ಮೇಲೆ ಎಳೆಯುವವನು ಎಳೆಯುತ್ತಲೇ ಇದ್ದ. ಆದರೂ ಹೊಗೆ ಹೊರಗೆ ಹೋಗಲಿಲ್ಲ. ಯಾಕೆ?”

ಕೆಂಚನಿಗೆ ಅಳು ಬಂತು. ಉತ್ತರ ತಿಳಿಯದೆ ಅಲ್ಲ. ಎಳೆಯುವವನು ಎಳೆಯುತ್ತಲೇ ಇದ್ದ ಎಂಬ ಮಾತನ್ನು ಅರಮನೆಯವರ ಬಾಯಲ್ಲಿ ಅವನು ಕೇಳಿದ್ದು ಅದೇ ಮೊದಲು. ಅತ್ತ.

“ಎಳನೀರಿಗೆ ಒಂದೇ ತೂತು ಕೊರೆದು ಬಗ್ಗಿಸಿದ್ರೆ ನೀರು ಸರಾಗ ಬೀಳಲ್ಲ ತಾಯಿ” ಎಂದ ಕೊನೆಗೆ. “ಗಾಳಿ ಒಳಕ್ಕೆ ಬಂದ್ರೆ ತಾನೆ ಹೊಗೆ ಹೊರಕ್ಕೆ ಹೋಗೋದು? ಬಚ್ಚಲ ಬಾಗಿಲಡಿ ಸಂದು ಬಿಟ್ಟಿರೋದು ಅದಕ್ಕೇ. ಅವತ್ತು ಆ ಸಂದು ಯಾರೋ ಮುಚ್ಚವ್ರೆ. ಚಕ್ರ ಉಳಿದೆರಡು ಬಚ್ಚಲಿಂದ ಎಳ್ಕೊಂಡೈತೆ, ಆ ಒಂದರಿಂದ ಎಳೆಯಕ್ಕಾಗಿಲ್ಲ.”

“ಮುಚ್ಚಿದವರು ಯಾರು?” ರಾಜ ಸಿಂಹಾಸನದಿಂದ ಎದ್ದ.

ಕೆಂಚ ರಾಜಕುಮಾರಿಯ ಕಡೆ ನೋಡಿದ. ಅವಳು ಮತ್ತೆ ನೆಲ ನೋಡುತ್ತಿದ್ದಳು.

“ಬಾಣಂತಿಗೆ ಗಾಳಿ ತಾಗಬಾರದು ಅಂತ ನಮ್ಮ ಕೇರೀಲೂ ಸಂದಿಗೆ ಬಟ್ಟೆ ತುರುಕ್ತಾರೆ ಬುದ್ಧಿ. ಮುಚ್ಚಿದೋರು ಅಕ್ಕರೆಯಿಂದ್ಲೇ ಮುಚ್ಚಿರ್ತಾರೆ. ಹೆಸರು ನಂಗೆ ಬೇಡ.”

“ನಾನು” ಎಂದಳು ಮಾಳಲದೇವಿ. “ಗಾಳಿ ತಾಗಿ ಸನ್ನಿ ಜ್ವರ ಹಿಡಿದೀತೆಂದು ಹಳೆ ಸೀರೆ ತುರುಕಿದೆ. ಅಕ್ಕ ಬೆಚ್ಚಗಿರಲಿ ಎಂದು ಬಾಗಿಲ ಹೊರಗೆ ನಾನೇ ಕಾವಲು ಕೂತಿದ್ದೆ. ಬಾಗಿಲು ತೆರೆದ ಮೇಲೆ ಸೀರೆಯನ್ನು ಬಚ್ಚಿಟ್ಟೆ. ನೀವು ಆಣೆಯಿಟ್ಟಿರಿ, ನಾನು ಹೆದರಿದೆ. ಯಾರಾದರೂ ಹೇಳಿಬಿಡಲೆಂದೇ ಈ ಒಗಟು ಕಟ್ಟಿದೆ ಅಪ್ಪಾಜಿ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಿತ್ತು. ಈಗ ಆ ಬರೆ ಎತ್ತ ತಿರುಗುವುದೋ ಎಂದು ಸಭೆ ರಾಜನ ಮುಖ ನೋಡಿತು. ಒಬ್ಬ ಮಗಳನ್ನು ಕಳೆದುಕೊಂಡ ರಾಜ ಇನ್ನೊಬ್ಬಳನ್ನು ನೋಡುತ್ತ, ಏನೂ ತೋಚದೆ ಕುಸಿದು ಕೂತ.

“ಏನು ಬೇಕೋ ಕೇಳಪ್ಪ” ಎಂದ ಕೆಂಚನಿಗೆ.

“ಯಾರ ತಲೆಯೂ ಬೇಡ ಬುದ್ಧಿ. ನಮ್ಮಪ್ಪನ್ನ ಕೊಡಿ.”

ರಾಜ ಆಣೆ ಮುರಿದ. ಮುರಿದು ಒಳ್ಳೆಯದನ್ನೇ ಮಾಡಿದ. ಸೆರೆಯಲ್ಲಿದ್ದ ರಾಜಕುಮಾರರನ್ನೆಲ್ಲ ಬಿಟ್ಟರು; ಅವರು ತಿರುಗಿಯೂ ನೋಡದೆ ಊರು ಸೇರಿಕೊಂಡರು. ಕೆಂಚನಿಗೆ ಕೆರೆ ಕೆಳಗಿನ ಗದ್ದೆಯನ್ನೂ ಜೋಡಿ ಎತ್ತನ್ನೂ ಕೊಟ್ಟರು.

ಬೈರನನ್ನು ಕರೆತರಲು ರಾಜಕುಮಾರಿಯೇ ಸೆರೆಮನೆಗೆ ಹೋದಳು. ನಡೆದದ್ದನ್ನೆಲ್ಲ ಹೇಳಿದಳು. ಮುದುಕ ನಂಬಲಿಲ್ಲ.

“ಇಲ್ಲ ತಾಯಿ, ನಾನೇ ತೂಕಡಿಸಿರ್ಬೇಕು. ಎಲ್ರೂ ಹಂಗೇ ಅಂದ್ರು. ಮೊದ್ಲು ಇಲ್ಲ ಅಂತಿದ್ದೆ. ಆಮೇಲೆ ನಂಗೂ ಹೌದು ಅನ್ನಿಸ್ತು. ದಿನಾ ಸತ್ತೋದ ನಿಮ್ಮಕ್ಕೋರ್ನ ನೆನೆದು ತಪ್ಪಾಯ್ತು ಅಂತ ಕೇಳ್ಕೊಂತಿದ್ದೆ.”

“ನೀನು ತೂಕಡಿಸಲಿಲ್ಲ ಬೈರಪ್ಪ. ಚಕ್ರದ ಸದ್ದು ಕೊನೆವರೆಗೂ ನನಗೆ ಕೇಳುತ್ತಿತ್ತು.”

ಬೈರ ತಲೆಯೆತ್ತಿ ಅವಳ ಮುಖ ನೋಡಿದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ.

“ಕೇಳ್ತಿತ್ತಾ? ಮತ್ಯಾಕೆ ತಾಯಿ ಇಷ್ಟು ದಿನ ಹೇಳ್ಲಿಲ್ಲ?”

ಮೂರು ಒಗಟು ಕಟ್ಟಿದವಳು ಬಗ್ಗಿ ಅವನ ಕಾಲು ಮುಟ್ಟಲು ಹೋದಳು. ದೊಡ್ಡವರು ಮುಟ್ಟಬಾರದೆಂದು ಮುದುಕ ಕಾಲು ಹಿಂದೆಳೆದುಕೊಂಡ. ಕೆಂಚ ಅಪ್ಪನ ತೋಳು ಹಿಡಿದು ಮೆಲ್ಲಗೆ ಮನೆಗೆ ನಡೆಸಿಕೊಂಡು ಹೋದ.