ರಾಜನ ಕಾರಿನ ರಬ್ಬರ್ ಉಂಗುರ

ಮೊದಲು ನನ್ನದೊಂದು ಒಗಟು. ಕಾರು ಕೆಟ್ಟು ನಿಂತಿರುವವರೆಗೆ ಮೂವರು ಬದುಕಿರುತ್ತಾರೆ, ಸರಿಹೋದ ದಿನ ಮೂವರ ತಲೆಯೂ ಉರುಳುತ್ತದೆ. ಯಾಕೆ? ಸುಮ್ಮನೆ ತಲೆ ಕೆರೆದುಕೊಳ್ಳಬೇಡಿ, ನಿಮಗೆ ಬರಲ್ಲ. ಡಂಗುರ ಕೇಳಿ.

“ಕೇಳ್ರಪ್ಪೋ ಕೇಳಿ! ವಿಕ್ರಾಂತರಾಯ ಮಹಾರಾಜರ ಕಾರು ಪೆಟ್ರೋಲ್ ವಾಸನೆ ಹೊಡೀತಿದೆ, ಸ್ಟಾರ್ಟ್ ಆಗದೆ ಕೆಮ್ಮುತ್ತಿದೆ! ಎಂಜಿನ್ನಿಗೆ ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರುಗಳ ರಬ್ಬರ್ ಸೀಲು ಸೋರುತ್ತಿದೆ! ರಾಜರ ಕಾರು ಗ್ಯಾರೇಜಿನಲ್ಲಿ ಸಾಲು ನಿಲ್ಲಲ್ಲ, ಅರಮನೆ ಅಂಗಳದಲ್ಲೇ ರಿಪೇರಿ ಆಗಬೇಕು! ಬಂದವನಿಗೆ ಮೂರು ಒಗಟು. ಬಾಯಲ್ಲಿ ಹೇಳಬೇಕು, ಕೈಯಲ್ಲಿ ಮಾಡಬೇಕು. ಗೆದ್ದವನು ಕೇಳಿದ್ದು ಸಿಗುತ್ತೆ, ಸೋತವನ ತಲೆ ಹೋಗುತ್ತೆ!”

ರಾಜನಿಗೆ ಉತ್ತರವೆಲ್ಲ ಗೊತ್ತಿತ್ತು. ಹಳೇ ಡ್ರೈವರ್ ಸಾಯುವ ಮುಂಚೆ ಕಿವಿಯಲ್ಲಿ ಹೇಳಿ ಹೋಗಿದ್ದ. ಆದರೆ ರಾಜರಾದವರು ಕೈಗೆ ಗ್ರೀಸ್ ಮೆತ್ತಿಕೊಳ್ಳುತ್ತಾರೆಯೇ?

ಮಂತ್ರಿ ಮಗ ಮಕರಂದ ಬಂದ, ಸೋತ. ಸಾಹುಕಾರರ ಮಗ ಗುಣಶೇಖರ ಬಂದ, ಅವನೂ ಸೋತ. ನಡುವೆ ಮಂಡಕ್ಕಿ ಮಾರುವ ಸಿದ್ರಾಮಣ್ಣನೂ ಆಸೆಗೆ ಬಿದ್ದು ಸೋತ. ಆದರೂ ಮೂವರ ತಲೆಯೂ ಕತ್ತಿನ ಮೇಲೇ ಇತ್ತು. ತಲೆ ತೆಗೆಯುವ ಜಾಗ ದೂರದ ಬೆಟ್ಟದ ಮೇಲೆ. ಅಲ್ಲಿಗೆ ಅಪರಾಧಿಯನ್ನು ರಾಜವಾಹನದಲ್ಲೇ ಒಯ್ಯಬೇಕು ಅನ್ನೋದು ವಂಶದ ಪದ್ಧತಿ. ಮುಂಚೆ ಆನೆ ಇತ್ತು. ಆನೆ ಸತ್ತ ಮೇಲೆ ಇದೇ ಕಾರು. ಈಗ ತಿಳಿಯಿತಾ ನನ್ನ ಒಗಟು?

ಸಿದ್ರಾಮಣ್ಣನ ತಮ್ಮ ಬೀರ, ಗ್ಯಾರೇಜೊಂದರ ಕೈಯಾಳು, ಸೆರೆಮನೆಯ ಕಿಟಕಿಗೆ ಬಂದು ನಿಂತ.

“ಅಣ್ಣಾ, ನಾನೂ ಹೋಗ್ತೀನಿ.”

“ಹೋಗು, ಮನೆಗೆ ಹೋಗು! ನೀನು ಸೋತರೆ ನಾಲ್ಕನೇ ತಲೆ, ಗೆದ್ದರೆ ನಮ್ಮ ಮೂರು. ಅಮ್ಮನಿಗೆ ಯಾರೋ ದಿಕ್ಕು?”

“ಬೇರೆ ಯಾರಾದ್ರೂ ಗೆದ್ದರೆ ನೀನು ಉಳೀತೀಯಾ? ಗೆದ್ದವನು ಕೇಳಿದ್ದು ಸಿಗುತ್ತಂತೆ. ಆ ಕೇಳೋ ಬಾಯಿ ನಂದೇ ಆಗಿರಬೇಕು. ಅದಿರಲಿ, ನೀವೆಲ್ಲ ಹೆಂಗೆಂಗೆ ಸೋತ್ರಿ, ಮೊದಲು ಅದು ಹೇಳಿ.”

“ಲೋ ಮಂಡಕ್ಕಿ, ಸೋತಿದ್ದನ್ನ ಕೇಳಿ ಗೆಲ್ತೀಯೇನೋ?” ಎಂದು ಮಕರಂದ ನಕ್ಕ. ಅವನ ಕಣ್ಣು ಇನ್ನೂ ಕೆಂಪಗಿತ್ತು. ಬೀರ ಅವನ ಕಣ್ಣನ್ನೇ ನೋಡುತ್ತ ಕುಕ್ಕರಗಾಲಲ್ಲಿ ಕೂತ. ಗೆದ್ದವರು ಜಂಬ ಕೊಚ್ಚುತ್ತಾರೆ, ಸೋತವರು ಮಾತ್ರ ವಿವರವಾಗಿ ಹೇಳುತ್ತಾರೆ. ಮಧ್ಯಾಹ್ನದವರೆಗೆ ಹೇಳಿದರು. ಆಮೇಲೆ ಬೀರ ಎದ್ದು ಅಂಗಳಕ್ಕೆ ಹೋದ.

ರಾಜ ಮೀಸೆ ತಿರುವಿದ. “ಮೊದಲನೇದು. ಎದೆ ಬಡಿಯಲ್ಲ, ಉಸಿರಾಡಲ್ಲ, ಸತ್ತ ಹಾಗೆ ಮಲಗಿರುತ್ತಾನೆ. ಬಿಚ್ಚಿದವನ ಮುಖಕ್ಕೆ ಉಗೀತಾನೆ. ಯಾರವನು, ಅವನ ಸಿಟ್ಟು ಇಳಿಸೋದು ಹೇಗೆ? ಮಂತ್ರಿ ಮಗ ‘ಹೆಬ್ಬಾವು’ ಅಂದ.”

“ಪೆಟ್ರೋಲ್ ಪೈಪು, ಬುದ್ಧಿ. ಎಂಜಿನ್ ನಿಂತರೂ ಒಳಗೆ ಒತ್ತಡ ಇರುತ್ತೆ. ಹಂಗೇ ಬಿಚ್ಚಿದ್ದಕ್ಕೇ ಮಕರಂದಪ್ಪನ ಕಣ್ಣು ಆ ಗತಿ ಆಗಿದೆ. ಪೆಟ್ರೋಲ್ ಪಂಪಿನ ಫ್ಯೂಸು ಕಿತ್ತು, ಕೀಲಿ ತಿರುವಿ ಎಂಜಿನ್ನನ್ನ ಸುಮ್ಮನೆ ಸುತ್ತಿಸಬೇಕು. ಪೈಪಿನ ಸಿಟ್ಟು ಇಳಿಯುತ್ತೆ. ಆಮೇಲೆ ಬ್ಯಾಟರಿ ವಯರು ಬಿಚ್ಚಿ ಕೆಲಸಕ್ಕೆ ಕೈ ಹಾಕಬೇಕು.”

ಹಾಗೇ ಮಾಡಿದ. ಕಣ್ಣು ಮುಚ್ಚಿಕೊಂಡೇ ಪೈಪು ಬಿಚ್ಚಿದ ಅನ್ನಿ. ಕೆಳಗಿಟ್ಟ ಬಟ್ಟೆಗೆ ಎರಡು ಹನಿ ಬಿತ್ತು, ಅಷ್ಟೇ.

“ಎರಡನೇದು. ಬೆರಳಿಲ್ಲದವನಿಗೆ ಉಂಗುರ ತೊಡಿಸಬೇಕು. ಬಲವಂತ ಮಾಡಿದರೆ ಉಂಗುರ ಸಾಯುತ್ತೆ. ಹಳೇದು ಇರುವಾಗಲೇ ಹೊಸದು ಬಂದರೆ ಮನೆ ಸೋರುತ್ತೆ. ನಿಮ್ಮಣ್ಣ ‘ಎರಡು ಹೆಂಡಿರ ಗಂಡ’ ಅಂದ.”

“ಅವನು ಅನ್ನುತ್ತಾನೆ,” ಬೀರ ನಿಟ್ಟುಸಿರಿಟ್ಟ. “ಅದು ಇಂಜೆಕ್ಟರಿನ ರಬ್ಬರ್ ಸೀಲು, ಬುದ್ಧಿ. ಹಳೇದು ಗಟ್ಟಿಯಾಗಿ ಒಳಗೇ ಅಂಟಿಕೊಂಡಿರುತ್ತೆ. ನಮ್ಮಣ್ಣ ನೋಡದೆ ಅದರ ಮೇಲೇ ಹೊಸದು ತುರುಕಿದ, ಅದೂ ಒಣಗಿದ್ದನ್ನ. ಹರೀತು. ಹಳೇದನ್ನ ಪೂರ್ತಿ ತೆಗೆದು, ಗುಳಿ ಒರೆಸಿ, ಹೊಸದಕ್ಕೆ ಒಂದು ತೊಟ್ಟು ಎಂಜಿನ್ ಆಯಿಲ್ ಸವರಿ ನೇರಕ್ಕೆ ಒತ್ತಬೇಕು.”

ನಾಲ್ಕು ಇಂಜೆಕ್ಟರಿಗೂ ಉಂಗುರ ತೊಡಿಸಿದ. ಕೊನೆಯದಕ್ಕೆ ಇನ್ನೊಂದು ತೊಟ್ಟು ಆಯಿಲ್ ಸವರಿದ. ನೆಟ್ಟಗೆ ಒತ್ತಿದ, ‘ಟಪ್’ ಅಂತ ಕೂತಿತು. ಬೋಲ್ಟು ಬಿಗಿದು ಪೈಪು, ವಯರು, ಫ್ಯೂಸು ಎಲ್ಲ ಹಾಕಿದ.

ರಾಜ ಸೀಟಿನ ಮೇಲೆ ಕೂತೇಬಿಟ್ಟ. “ಭೇಷ್! ಸ್ಟಾರ್ಟ್ ಮಾಡು!”

ಬೀರ ಕೀಲಿ ತಿರುವಿದ, ಅರ್ಧಕ್ಕೇ ನಿಲ್ಲಿಸಿ ಇಳಿದುಬಂದ. ಬಾನೆಟ್ಟಿನ ಒಳಗೆ ಮೂಗು ತೂರಿಸಿ ಮೂಸಿದ, ಒಂದೊಂದೇ ಇಂಜೆಕ್ಟರಿನ ಬುಡ ಬೆರಳಲ್ಲಿ ಮುಟ್ಟಿ ನೋಡಿದ.

“ಏನೋ ಅದು? ಮೂರನೇ ಒಗಟು ಇನ್ನೂ ಹೇಳೇ ಇಲ್ಲ.”

“ಹೇಳಿದ್ರಿ, ಬುದ್ಧಿ. ‘ಎಲ್ಲ ಮುಗಿದ ಮೇಲೂ ಉಳಿಯೋ ಕೆಲಸ ಯಾವುದು’ ಅಂತ ಗುಣಶೇಖರಪ್ಪನಿಗೆ ಕೇಳಿದ್ರಂತೆ. ಅವರು ‘ಊಟ’ ಅಂದು, ಪೈಪು ಬಿಗಿಯಾಗಿ ಕೂತಿದೆಯಾ ನೋಡದೆ ಒಂದೇ ಸಲ ಸ್ಟಾರ್ಟ್ ಹೊಡೆದ್ರು, ಪೆಟ್ರೋಲ್ ಅಂಗಳವೆಲ್ಲ ಹರೀತು. ಉಳಿಯೋ ಕೆಲಸ ಕಾಯೋದು. ಪಂಪು ಪೈಪನ್ನ ತುಂಬಲಿ, ಎಲ್ಲೂ ಒಸರಲಿಲ್ಲ ಅಂದ ಮೇಲೆ ಸ್ಟಾರ್ಟು.”

ಎಲ್ಲೂ ಒಸರಲಿಲ್ಲ. ಮಿಕ್ಕರ್ಧ ತಿರುವಿದ. ಕಾರು ಕೆಮ್ಮಲಿಲ್ಲ, ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟಿತು. ಸೆರೆಮನೆಯಲ್ಲಿ ಆ ಸದ್ದು ಕೇಳಿ ಮೂವರೂ ಗೊಳೋ ಅಂದರು.

“ಕೇಳು, ಏನು ಬೇಕು?” ಎಂದ ರಾಜ. “ಮಗಳು? ಅರ್ಧ ರಾಜ್ಯ? ತಲೆಗಳ ಮಾತು ಮಾತ್ರ ಎತ್ತಬೇಡ. ಶಿಕ್ಷೆ ಹೇಳಿ ಹಿಂದೆ ತಗೊಂಡ ವಂಶ ಅಲ್ಲ ನಮ್ಮದು.”

ಎಂಜಿನ್ ಗುರುಗುಡುತ್ತಲೇ ಇತ್ತು. ಬೀರ ಅದನ್ನು ನೋಡಿದ, ಬೆಟ್ಟ ನೋಡಿದ.

“ಹಂಗಾದ್ರೆ ಈ ಕಾರು ಕೊಡಿ, ಬುದ್ಧಿ.”

ಕೊಟ್ಟ ಮಾತು ಕೊಟ್ಟಾಗಿತ್ತು. ರಾಜ ಸೀಟಿನಿಂದ ನಿಧಾನಕ್ಕೆ ಇಳಿದ. ಇನ್ನು ಆನೆಯಿಲ್ಲ, ಕಾರಿಲ್ಲ, ಅಪರಾಧಿಗಳನ್ನು ಬೆಟ್ಟಕ್ಕೆ ಒಯ್ಯುವುದು ಯಾವುದರಲ್ಲಿ? ಒಯ್ಯಲಾಗದವರಿಗೆ ದಿನಾ ಊಟ ಯಾರು ಹಾಕುತ್ತಾರೆ? ಸಂಜೆಯೊಳಗೆ ಬಾಗಿಲು ತೆಗೆಸಿ ಮೂವರನ್ನೂ ಓಡಿಸಿದ. ಸಿದ್ರಾಮಣ್ಣ ಕಾರಿನಲ್ಲಿ ಕೂತು ಕತ್ತು ಸವರಿಕೊಂಡ. “ಲೇ ಬೀರ, ಮೆಲ್ಲಗೆ ಹೊಡಿಯೋ, ಈಗಷ್ಟೇ ಉಳಿದಿದೆ ಇದು.”

ಈಗ ನಿಜ ಹೇಳಿಬಿಡ್ತೀನಿ. ಈ ಕೊನೆ ನಾನೇ ಕಟ್ಟಿದ್ದು. ನಾನು ಕೇಳಿದ ಕತೆಯಲ್ಲಿ ಕಾರು ಸ್ಟಾರ್ಟ್ ಆದ ತಕ್ಷಣ ರಾಜ “ನಡಿ ಬೆಟ್ಟಕ್ಕೆ” ಅಂತಾನೆ, ಬೀರನಿಗೆ ಕೇಳೋಕೇ ಬಿಡಲ್ಲ. ಅದನ್ನ ಬರೆಯೋಕೆ ನನಗೆ ಮನಸ್ಸಾಗಲಿಲ್ಲ. ಕಾರು ಕೊಟ್ಟಿದ್ದು ರಾಜ ಅಲ್ಲ, ನಾನು. ಕೊಟ್ಟಿದ್ದಾಯ್ತು, ವಾಪಸ್ ಕೇಳಬೇಡಿ.