ಸೊಲ್ಲು ಹಿಡಿದವಳು

"ಗುರುಗಳೇ, ಹೊಸದನ್ನು ಹುಟ್ಟಿಸುವ ಶಕ್ತಿ ಕೆಲವರ ಸ್ವಭಾವದಲ್ಲಿ ಮಾತ್ರ ಇರುತ್ತದೆಯೇ?" ಎಂದು ಅಡಿವೆಯ್ಯ ಕೇಳಿದ.

ಅಡಿವೆಯ್ಯ ಮಠದ ಹಿರಿಯ ಶಿಷ್ಯ. ಹೊಸಬರಿಗೆ ಪದ ಕಟ್ಟುವುದನ್ನು ಕಲಿಸುವ ಕೆಲಸ ಆ ವರ್ಷ ಅವನ ಪಾಲಿಗೆ ಬಂದಿತ್ತು. ಹನ್ನೆರಡು ಮಂದಿ ಬಂದಿದ್ದರು.

"ಕೆಲವರು ಒಂದು ಕಡೆ ಕೂರುವವರಲ್ಲ. ಬೇಗ ಸಿಟ್ಟಾಗುತ್ತಾರೆ, ಬೇಗ ನಗುತ್ತಾರೆ. ಅವರ ಬಾಯಲ್ಲಿ ಪದ ತಾನಾಗಿ ಬರುತ್ತದೆ. ಇನ್ನು ಕೆಲವರು ತೆಪ್ಪಗೆ ಕೂತಿರುತ್ತಾರೆ. ಹೇಳಿಕೊಟ್ಟದ್ದನ್ನು ಒಪ್ಪಿಸುತ್ತಾರೆ, ಅಷ್ಟೇ. ಅಪ್ಪಣೆಯಾದರೆ ಮೊದಲಿನವರಿಗೆ ಪದ ಕಟ್ಟಲು ಕಲಿಸುತ್ತೇನೆ. ಉಳಿದವರು ಹಳೆಯ ಓಲೆಗಳನ್ನು ನಕಲು ಮಾಡಲಿ."

"ಯಾರು ಎಂಥವರು ಎಂಬುದು ನಿನಗೆ ಎಷ್ಟು ದಿನದಲ್ಲಿ ಗೊತ್ತಾಯಿತು?"

"ಮೂರು ದಿನದಲ್ಲಿ."

"ಪರವಾಗಿಲ್ಲ. ನನಗೆ ಒಂದು ಹೊತ್ತು ಸಾಕಾಗಿತ್ತು," ಎಂದು ಗುರು ಹೇಳಿದರು. "ಕೂತುಕೋ. ಒಂದು ಬೀಸುವ ಕಲ್ಲಿನ ಕತೆ ಇದೆ."

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅವನಿಗೆ ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು. ಹಿರಿಯ ಸೊಸೆಯ ಹೆಸರು ಬಾಳವ್ವ. ಅವಳಿಗೆ ಮಾತೆಂದರೆ ಹಬ್ಬ. ಬಾವಿಗೆ ಹೋದವಳು ಎರಡು ಕೊಡ ನೀರು ತರುವಷ್ಟರಲ್ಲಿ ನಾಲ್ಕು ಜನರ ಜೊತೆ ನಕ್ಕು, ಇಬ್ಬರ ಜೊತೆ ಜಗಳವಾಡಿ ಬರುತ್ತಿದ್ದಳು. ಕಿರಿಯ ಸೊಸೆ ಅದಕ್ಕೆ ತದ್ವಿರುದ್ಧ. ಎರಡು ಸಲ ಕೇಳಿದರೆ ಅರ್ಧ ಉತ್ತರ. ಹೂಂ ಅನ್ನುವುದನ್ನು ಕೂಡ ತಲೆಯಾಡಿಸಿಯೇ ಮುಗಿಸುತ್ತಿದ್ದಳು. ಕೇರಿಯವರು ಅವಳನ್ನು ಕೋಲೆಬಸವ ಅನ್ನುತ್ತಿದ್ದರು. ಅವಳ ಎದುರಿಗೇ ಅನ್ನುತ್ತಿದ್ದರು. ಅವಳು ಅದಕ್ಕೂ ತಲೆಯಾಡಿಸುತ್ತಿದ್ದಳು.

ಕೋಳಿ ಕೂಗಿದ ಮೇಲೆ ಇಬ್ಬರೂ ಬೀಸುವ ಕಲ್ಲಿನ ಆಚೆ ಈಚೆ ಕೂರುತ್ತಿದ್ದರು. ಗೂಟ ಒಂದೇ, ಹಿಡಿಯುವ ಕೈ ಎರಡು. ಬೀಸುವಾಗ ಹಾಡಬೇಕು. ಅದಕ್ಕೊಂದು ಕ್ರಮವಿದೆ. ಒಬ್ಬಳು ಸೊಲ್ಲು ಎತ್ತುತ್ತಾಳೆ, ಅಂದರೆ ಹಾಡಿನ ಒಂದು ಸಾಲು ಹೇಳುತ್ತಾಳೆ. ಎದುರಿಗೆ ಕೂತವಳು ಅದೇ ಸೊಲ್ಲು ಹಿಡಿದು ಮತ್ತೊಮ್ಮೆ ಹೇಳುತ್ತಾಳೆ. ಅವಳು ಹೇಳಿ ಮುಗಿಸುವುದರೊಳಗೆ ಮೊದಲಿನವಳು ಮುಂದಿನ ಸೊಲ್ಲು ಹುಡುಕಿಕೊಳ್ಳಬೇಕು. ಹಳೆಯ ಹಾಡು ಬಲ್ಲವರಿಗೆ ಹುಡುಕುವ ಕೆಲಸವಿಲ್ಲ. ಬಾಳವ್ವ ಹಳೆಯದನ್ನು ಹಾಡುತ್ತಿರಲಿಲ್ಲ. ದಿನಕ್ಕೊಂದು ಹೊಸ ಹಾಡು ಕಟ್ಟುತ್ತಿದ್ದಳು.

ಅಕ್ಕಪಕ್ಕದ ಮನೆಯ ಹೆಂಗಸರು ತಮ್ಮ ಜೋಳವನ್ನೂ ಹೊತ್ತು ತಂದು ಆ ಮನೆಯ ಮುಂದೆ ಸರದಿ ಕೂರುತ್ತಿದ್ದರು. ಮದುವೆಯ ಮನೆಯವರು ಬಾಳವ್ವನನ್ನು ಕರೆಯಲು ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಅವಳ ಜೊತೆ ಕಿರಿಯವಳೂ ಗಾಡಿಯಲ್ಲಿ ಹೋಗುತ್ತಿದ್ದಳು. ಗೂಟಕ್ಕೆ ಇನ್ನೊಂದು ಕೈ ಬೇಕಲ್ಲ. ಹಾಡುಗಳನ್ನು ಎಲ್ಲರೂ ಬಾಳವ್ವನ ಹಾಡು ಎಂದೇ ಕರೆದರು. ಕಿರಿಯವಳಿಗೆ ಅದರಿಂದ ಬೇಸರವಾದ ಹಾಗೆ ಕಾಣಲಿಲ್ಲ. ಇಡೀ ದಿನದಲ್ಲಿ ಅವಳ ಬಾಯಿ ತೆರೆಯುತ್ತಿದ್ದುದು ಆ ಕಲ್ಲಿನ ಮುಂದೆ ಮಾತ್ರ.

ಆ ಊರಿಗೆ ಒಬ್ಬ ವಿದ್ವಾಂಸ ಬಂದ. ಅವನು ಯಾರೆಂದು ನೀನು ಆಮೇಲೆ ಊಹಿಸುತ್ತಾ ಕೂರುವುದು ಬೇಡ, ಅಡಿವೆಯ್ಯ. ನಾನೇ. ಆಗ ನನಗೆ ಇಪ್ಪತ್ತಾರು ವರ್ಷ. ಮನುಷ್ಯರ ಗುಣಗಳನ್ನು ವಿಂಗಡಿಸುವ ಶಾಸ್ತ್ರ ಓದಿ ಮುಗಿಸಿದ್ದೆ. ಗಾಳಿಯ ಗುಣದವರು, ಬೆಂಕಿಯ ಗುಣದವರು, ಮಣ್ಣಿನ ಗುಣದವರು. ಯಾರನ್ನು ಕಂಡರೂ ಮೂರರಲ್ಲಿ ಒಂದು ಕಡೆ ಇಡದೆ ನನಗೆ ಊಟ ಸೇರುತ್ತಿರಲಿಲ್ಲ. ಅರೆಬೆಂದ ಕಾಳಿಗೆ ಸಿಡಿಯುವ ಅವಸರ ಜಾಸ್ತಿ.

ರೈತ ನನ್ನನ್ನು ಮನೆಗೆ ಕರೆದು ಗೌರವ ಮಾಡಿದ. ಮರುದಿನ ಬೆಳಿಗ್ಗೆ ಜಗಲಿಯ ಮೇಲೆ ಕೂತು ಸೊಸೆಯರ ಹಾಡು ಕೇಳಿದೆ. ಬಾಳವ್ವನ ಹಾಡಿಗೆ ನನ್ನ ಕಣ್ಣು ತುಂಬಿದವು. ಅದು ಸುಳ್ಳಲ್ಲ. ಆದರೆ ನಡುನಡುವೆ ಏನೋ ತೊಡಕಾಗುತ್ತಿತ್ತು. ಕಿವಿಗೊಟ್ಟು ಕೇಳಿದೆ. ಕಿರಿಯ ಸೊಸೆ ಸೊಲ್ಲನ್ನು ಇದ್ದ ಹಾಗೆ ಹಿಡಿಯುತ್ತಿರಲಿಲ್ಲ. ಒಂದೊಂದು ಕಡೆ ಒಂದು ಮಾತು ತಪ್ಪುತ್ತಿತ್ತು.

ರೈತ ಕೇಳಿದ, "ಹೆಂಗೈತ್ರಿ ನಮ್ಮ ಸೊಸಿ ಹಾಡು?"

ನಾನು ಹೇಳಿದೆ, "ದೊಡ್ಡವಳದು ಗಾಳಿಯ ಗುಣ. ಹುಟ್ಟಿಸುವ ಶಕ್ತಿ ಇರುವುದೇ ಅಂಥವರಲ್ಲಿ. ಚಿಕ್ಕವಳದು ಮಣ್ಣಿನ ಗುಣ. ಹೇಳಿಕೊಟ್ಟದ್ದನ್ನು ಸರಿಯಾಗಿ ತಿರುಗಿ ಹೇಳಲಿಕ್ಕೂ ಬರುವುದಿಲ್ಲ. ಹಾರುವ ಹಕ್ಕಿಯ ಕಾಲಿಗೆ ಕಲ್ಲು ಕಟ್ಟಿದ್ದೀರಿ. ಎದುರಿಗೆ ಚುರುಕಾದವಳನ್ನು ಕೂರಿಸಿ, ಇವಳ ಹಾಡು ಇನ್ನೆಲ್ಲಿಗೆ ಹೋಗುತ್ತದೋ ನೋಡಿ."

ಬಾಗಿಲ ಹಿಂದೆ ಇಬ್ಬರೂ ನಿಂತಿದ್ದರು. ಇಬ್ಬರಿಗೂ ಕೇಳಿಸಿತು.

ನಾನು ಊಟ ಮಾಡಿ ಮುಂದಿನ ಊರಿಗೆ ಹೋದೆ. ಆ ಮೇಲೆ ನಡೆದದ್ದು ನನಗೆ ಗೊತ್ತಾದದ್ದು ಒಂದೂವರೆ ವರ್ಷದ ನಂತರ, ಬಾಳವ್ವನ ಹಾಡುಗಳನ್ನು ಬರೆದುಕೊಳ್ಳಬೇಕೆಂದು ಅಲ್ಲಿಗೆ ಮತ್ತೆ ಹೋದಾಗ.

ನಾನು ಹೊರಟ ದಿನವೇ ಕಿರಿಯವಳು ಬಾಳವ್ವನ ಹತ್ತಿರ ಹೋಗಿ ಕೇಳಿದಳಂತೆ, "ಯಕ್ಕಾ, ನಾಳಿಂದ ಕಲ್ಲಿಗೆ ನಾ ಬರೂದು ಬ್ಯಾಡೇನ?"

ಬಾಳವ್ವ ಹೊಗಳಿಕೆಯ ಸಂತೋಷದಲ್ಲಿದ್ದಳು. "ಬ್ಯಾಡ ತಂಗಿ. ಬಲ್ಲವರು ಹೇಳ್ಯಾರ. ನೀ ದನದ ಕಡೆ ನೋಡಿಕೋ," ಎಂದಳು.

ಕಿರಿಯವಳು ತಲೆಯಾಡಿಸಿದಳು. ಮರುದಿನದಿಂದ ಕೊಟ್ಟಿಗೆ ಬಳಿದಳು, ಸಗಣಿ ಬಾಚಿದಳು. ಅವಳ ಬಾಯಿ ತೆರೆಯಲು ಆ ಮನೆಯಲ್ಲಿ ಬೇರೆ ಜಾಗ ಇರಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ. ಮಾತಾಡದವಳು ಇನ್ನಷ್ಟು ಮಾತಾಡದಿದ್ದರೆ ಯಾರಿಗೆ ತಿಳಿಯುತ್ತದೆ?

ಬಾಳವ್ವನ ಎದುರಿಗೆ ಒಬ್ಬ ಚುರುಕಾದ ಹೆಂಗಸು ಬಂದು ಕೂತಳು. ಒಳ್ಳೆಯ ಕಂಠ, ಒಳ್ಳೆಯ ನೆನಪು. ಬಾಳವ್ವ ಎತ್ತಿದ ಸೊಲ್ಲನ್ನು ಒಂದಕ್ಷರ ತಪ್ಪದೆ ಹಿಡಿದಳು. ಬಾಳವ್ವ ಮುಂದಿನ ಸೊಲ್ಲಿಗೆ ಬಾಯಿ ತೆರೆದಳು. ಬರಲಿಲ್ಲ. ಕಲ್ಲು ಎರಡು ಸುತ್ತು ಬರಿದೇ ತಿರುಗಿತು. ಮೊದಲ ದಿನ ಹೀಗಾಗುವುದುಂಟು ಎಂದರು. ಎರಡನೆಯ ದಿನವೂ ಹಾಗೇ ಆಯಿತು. ಆ ಹೆಂಗಸಿನ ಕೈಗುಣ ಸರಿಯಿಲ್ಲ ಎಂದು ಇನ್ನೊಬ್ಬಳನ್ನು ಕರೆದರು. ಆಮೇಲೆ ಮತ್ತೊಬ್ಬಳು. ಎಲ್ಲರೂ ಚುರುಕಾದವರೇ. ಊರಲ್ಲಿದ್ದ ಗಾಳಿಯ ಗುಣದವರೆಲ್ಲ ಆ ಕಲ್ಲಿನ ಮುಂದೆ ಕೂತು ಎದ್ದರು.

ಕಿರಿಯವಳನ್ನು ಮಾತ್ರ ಯಾರೂ ಕರೆಯಲಿಲ್ಲ. ಬಲ್ಲವರು ಹೇಳಿದ್ದರಲ್ಲ. ನನ್ನ ಮಾತಿಗೆ ಆ ಮನೆಯಲ್ಲಿ ಅಷ್ಟು ಬೆಲೆಯಿತ್ತು.

ನಾನು ಎರಡನೆಯ ಸಲ ಹೋದಾಗ ಬಾಳವ್ವ ಗೋಡೆಗೆ ಒರಗಿ ಕೂತಿದ್ದಳು. ಬಾವಿಯ ಹತ್ತಿರ ನಗುವುದು, ಜಗಳವಾಡುವುದು ಎರಡೂ ನಿಂತಿದ್ದವು. ನಾನು ಗಾಳಿಯ ಗುಣ ಎಂದು ಕರೆದವಳು ಅವಳೇ ಎಂದು ನಂಬುವುದು ಕಷ್ಟವಾಯಿತು. ಹೊಸದು ಬೇಡ, ನೀನು ಹಿಂದೆ ಕಟ್ಟಿದ ಹಾಡುಗಳನ್ನೇ ಹೇಳು, ಬರೆದುಕೊಳ್ಳುತ್ತೇನೆ ಎಂದೆ. ಬಹಳ ಹೊತ್ತಿನ ಮೇಲೆ ಹೇಳಲು ಶುರುಮಾಡಿದಳು. ಪ್ರತಿ ಸೊಲ್ಲನ್ನೂ ಎರಡು ಸಲ ಹೇಳಿದಳು.

"ಒಂದು ಸಲ ಹೇಳಿದರೆ ಸಾಕು," ಎಂದೆ.

"ಎರಡೂ ಅನ್ನಬೇಕ್ರಿ. ಇಲ್ಲಂದ್ರ ಮುಂದಿಂದು ನೆನಪಿಗೆ ಬರೂದಿಲ್ಲ," ಎಂದಳು.

ಬರೆದುಕೊಂಡೆ. ಸಂಜೆ ಜಗಲಿಯ ಮೇಲೆ ಕೂತು ಓಲೆಯನ್ನು ತಿದ್ದತೊಡಗಿದೆ. ಎರಡನೆಯ ಸೊಲ್ಲುಗಳಲ್ಲಿ ಅಲ್ಲಲ್ಲಿ ಒಂದು ಮಾತು ಬೇರೆಯಾಗಿತ್ತು. ಕಿರಿಯವಳ ತಪ್ಪುಗಳು ಇವಳ ನೆನಪಿನಲ್ಲೂ ಕೂತುಬಿಟ್ಟಿವೆ ಎಂದುಕೊಂಡು ಅವನ್ನು ಒಂದೊಂದಾಗಿ ಹೊಡೆದುಹಾಕಿದೆ. ಹೊಡೆದುಹಾಕಿ ಮೊದಲಿನಿಂದ ಓದಿದೆ. ಹಾಡು ನಿಲ್ಲಲಿಲ್ಲ. ಒಂದು ಸಾಲಿಗೂ ಮುಂದಿನ ಸಾಲಿಗೂ ಸಂಬಂಧವೇ ಇರಲಿಲ್ಲ.

ಒಂದು ಹಾಡು ಹೇಳುತ್ತೇನೆ, ನೀನೇ ನೋಡು. ಬಾಳವ್ವ ಎತ್ತಿದ್ದು ಹೀಗೆ:

ಹಿಡಿ ಜ್ವಾಳ ಹಾಕೇನ ತವರೂರ ನೆನೆದೇನ

ಕಿರಿಯವಳು ಹಿಡಿದದ್ದು ಹೀಗೆ:

ಹಿಡಿ ಜ್ವಾಳ ಹಾಕೇನ ತವರೂರ ಮರೆತೇನ

ಆಗ ಬಾಳವ್ವ ಮುಂದಕ್ಕೆ ಹೋದಳು:

ಮರೆತೇನಂದರು ಗೂಟ ಬಿಡವಲ್ಲದು ನನ ಕೈಯ
ಹಡೆದವ್ವ ಹಿಡಿದಂಗ ಹಿಡಿದೈತಿ

ನೆನೆಯುತ್ತೇನೆ ಎಂದು ಹಾಡಿದವರು ಲೋಕದಲ್ಲಿ ಸಾವಿರ ಜನರಿದ್ದಾರೆ. ಅಲ್ಲಿಗೇ ಬಿಟ್ಟಿದ್ದರೆ ಬಾಳವ್ವ ಸಾವಿರದ ಒಂದನೆಯವಳಾಗುತ್ತಿದ್ದಳು. ಮರೆಯುತ್ತೇನೆ ಎಂಬ ಮಾತು ಎದುರಿನಿಂದ ಬಂತು. ಗೂಟವನ್ನು ತಾಯಿಯ ಕೈ ಮಾಡಿದ್ದು ಆ ಮಾತಿಗೆ ಕೊಟ್ಟ ಉತ್ತರ. ನನ್ನ ಕಣ್ಣು ತುಂಬಿದ್ದು ಈ ಸಾಲಿಗೇ. ನಾನು ತಪ್ಪು ಎಂದು ಎಣಿಸಿದ್ದೂ ಇಲ್ಲಿಯೇ. ಉಳಿದ ಹಾಡುಗಳನ್ನು ತೆಗೆದು ನೋಡಿದೆ. ಎಲ್ಲೆಲ್ಲಿ ಕಿರಿಯವಳು ಮಾತು ತಪ್ಪಿಸಿದ್ದಳೋ ಅಲ್ಲೆಲ್ಲ ಹಾಡು ಹೊಸ ದಾರಿ ಹಿಡಿದಿತ್ತು. ಅವಳು ಇದ್ದ ಹಾಗೆ ಹಿಡಿದ ಕಡೆಯೆಲ್ಲ ಬಾಳವ್ವ ಎಲ್ಲರಂತೆ ಹಾಡಿದ್ದಳು.

ಓಲೆ ಹಿಡಿದುಕೊಂಡು ಒಳಗೆ ಹೋಗಿ ಬಾಳವ್ವನಿಗೆ ತೋರಿಸಿದೆ. ಅವಳಿಗೆ ಓದು ಬಾರದು. ಓದಿ ಹೇಳಿದೆ. ಅವಳು ಮೂರು ಹಾಡು ಕೇಳಿದಳು.

ಆಮೇಲೆ ಹೇಳಿದಳು, "ಆಕಿ ತಪ್ಪತಾಳಂತ ನನಗೂ ಗೊತ್ತಿತ್ತ್ರೀ. ಮಂದಿ ಮುಂದ ಆಕಿ ಮರ್ಯಾದಿ ಹೋಗಬಾರದು ಅಂತ, ಆ ತಪ್ಪು ಮುಚ್ಚಾಕ ಮುಂದಿನ ಸೊಲ್ಲು ಕಟ್ಟತಿದ್ದೆ."

ಕಿರಿಯ ಸೊಸೆ ಎಲ್ಲಿ ಎಂದು ಅಲ್ಲೇ ಇದ್ದ ರೈತನನ್ನು ಕೇಳಿದೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಳು ಎಂದ. ಹೋಗಿದ್ದಳು ಎಂದು ಅವನು ಹೇಳಿದ ರೀತಿಯಲ್ಲೇ ನನಗೆ ಅರ್ಥವಾಯಿತು. ತಾಯಿ ಉಳಿಯಲಿಲ್ಲ, ಕೂಸೂ ಉಳಿಯಲಿಲ್ಲ. ನಾನು ಹೋಗುವುದಕ್ಕೆ ಎರಡು ತಿಂಗಳ ಮುಂಚೆ.

ರೈತ ಅವಳನ್ನು ಮಣ್ಣು ಮಾಡುವಾಗ ಹೋಗಿದ್ದನಂತೆ. ಅಲ್ಲಿ ಬೀಗತಿ ಅತ್ತುಕೊಂಡು ಹೇಳಿದ ಮಾತನ್ನು ನನಗೂ ಹೇಳಿದ. "ತವರಿನ ಕಲ್ಲಿನ ಮುಂದ ದಿನಾ ಕುಂದರತಿದ್ದಳಂತ್ರಿ. ಒಂದು ಸೊಲ್ಲೂ ಹಾಡಲಿಲ್ಲಂತ. ನೀ ಯಾಕ ಹಾಡವಲ್ಲೆ ಅಂದರ, ‘ಎತ್ತೋರು ಯಾರವ್ವ?’ ಅಂದಳಂತ."

ಬಾಳವ್ವ ಆ ಮಾತು ಕೇಳಿ ಎದ್ದು ಹಿತ್ತಲಿಗೆ ಹೋದಳು. ಅವಳು ಆಮೇಲೆ ಹದಿನೇಳು ವರ್ಷ ಬದುಕಿದಳು. ಬೀಸಿದಳು, ಬೇಯಿಸಿದಳು, ಮಕ್ಕಳನ್ನು ಬೆಳೆಸಿದಳು. ಹಾಡಲಿಲ್ಲ. ಆ ಊರಿನವರು ಇವತ್ತಿಗೂ ಬಾಳವ್ವನ ಹಾಡು ಹಾಡುತ್ತಾರೆ, ಪ್ರತಿ ಸೊಲ್ಲನ್ನೂ ಎರಡು ಸಲ. ಎರಡನೆಯದರಲ್ಲಿ ಮಾತು ಯಾಕೆ ಬೇರೆ ಎಂದು ಕೇಳಿದರೆ, ಹಾಡು ಇರುವುದೇ ಹಾಗೆ ಅನ್ನುತ್ತಾರೆ.

ಗುರು ಇಷ್ಟು ಹೇಳಿ ನಿಲ್ಲಿಸಿದರು. ಅವರ ಕಣ್ಣು ಒದ್ದೆಯಾಗಿತ್ತು. ಅವರು ಅದನ್ನು ಒರೆಸಿಕೊಳ್ಳಲಿಲ್ಲ.

ಅಡಿವೆಯ್ಯನಿಗೆ ಉತ್ತರ ಸಿಕ್ಕಿದಂತಿತ್ತು. "ಹಾಗಾದರೆ ಶಕ್ತಿ ಇದ್ದದ್ದು ಸುಮ್ಮನಿರುವವರಲ್ಲಿ. ನಾನು ವಿಂಗಡಿಸಿದ್ದು ತಲೆಕೆಳಗಾಯಿತು," ಎಂದ.

"ತಲೆಕೆಳಗು ಮಾಡಿದರೂ ಜರಡಿ ಜರಡಿಯೇ," ಎಂದು ಗುರು ಸ್ವಲ್ಪ ಬಿರುಸಾಗಿಯೇ ಹೇಳಿದರು. "ಎತ್ತುವವಳಿಲ್ಲದೆ ಅವಳೂ ಹಾಡಲಿಲ್ಲ ಎಂದೆನಲ್ಲ, ಕೇಳಿಸಲಿಲ್ಲವೇ?"

ಅಡಿವೆಯ್ಯ ತಲೆ ತಗ್ಗಿಸಿದ. ಇಷ್ಟು ಹೊತ್ತು ಕೇಳಿದ ಕತೆಯಲ್ಲಿ ಅವನಿಗೆ ಏನೋ ಒಂದು ಕಡಿಮೆ ಅನ್ನಿಸಿತು. ಅದು ಏನೆಂದು ತಿಳಿದಾಗ ಮೆಲ್ಲಗೆ ಕೇಳಿದ.

"ಗುರುಗಳೇ, ಆ ಕಿರಿಯ ಸೊಸೆಯ ಹೆಸರೇನು?"

"ಗುಣ ಹೇಳುವ ಅವಸರದಲ್ಲಿ, ಹೆಸರು ಕೇಳುವುದು ಉಳಿದುಹೋಯಿತು," ಎಂದರು ಗುರು.